ಗರ್ಭಕೋಶ ತೆಗೆಸೋದು ಮೊದಲ ಮದ್ದಲ್ಲ | ಭಾಗ 3

"ಮಕ್ಕಳಾದ್ವಲ್ಲ, ಇನ್ಯಾಕೆ ಅದು? ತೆಗೆಸಿಬಿಡು."

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಹೋದ್ರೂ ಈ ಮಾತು ಕಿವಿಗೆ ಬೀಳುತ್ತೆ. ಮುಟ್ಟಲ್ಲಿ ರಕ್ತ ಜಾಸ್ತಿ ಹೋಗ್ತಿದೆ ಅಂದ್ರೆ ಹುಡುಗೀಗೆ "ಎಲ್ಲರಿಗೂ ಹಂಗೇ, ತಡ್ಕೋ". ನಲವತ್ತರ ಅಮ್ಮಂಗೆ "ತೆಗೆಸಿಬಿಡು". ಯಾಕೆ ಹೋಗ್ತಿದೆ ಅಂತ ಮಾತ್ರ ಯಾರೂ ಕೇಳಲ್ಲ.

ಅತಿರಕ್ತಸ್ರಾವ ಒಂದು ಲಕ್ಷಣ. ಕಾಯಿಲೆ ಅದರ ಹಿಂದಿರುತ್ತೆ. ಪಾಲಿಪ್, ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡ್, ಪಿಸಿಓಎಸ್, ರಕ್ತ ಹೆಪ್ಪುಗಟ್ಟದ ತೊಂದರೆ, ಕಾಪರ್-ಟಿ, ಅಪರೂಪಕ್ಕೆ ಕ್ಯಾನ್ಸರ್. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ 2011ರಲ್ಲೇ ಈ ಕಾರಣಗಳನ್ನ 9 ಗುಂಪು ಮಾಡಿಟ್ಟಿದೆ. ಒಂಬತ್ತಕ್ಕೂ ಒಂದೇ ಕತ್ತರಿನಾ?

ಯಾವಾಗ ತೋರಿಸ್ಬೇಕು?
• 8 ದಿನ ದಾಟಿದ್ರೆ
• 24 ದಿನದೊಳಗೇ ಮತ್ತೆ ಬಂದ್ರೆ
• ಗಂಟೆಗೊಂದು ಪ್ಯಾಡ್ ನೆನೆದ್ರೆ (ಆಗ ಅವತ್ತೇ ಹೋಗಿ)
• ಮುಟ್ಟು ನಿಂತು ವರ್ಷ ಆದ್ಮೇಲೆ ಒಂದು ಹನಿ ಕಂಡ್ರೂ

ಮೊದಲು ಗರ್ಭ ಪರೀಕ್ಷೆ, ಹಿಮೋಗ್ಲೋಬಿನ್. ಬೇಕಾದ್ರೆ ಥೈರಾಯ್ಡ್, ಸ್ಕ್ಯಾನಿಂಗ್. 45 ದಾಟಿದವರಿಗೆ ಗರ್ಭಕೋಶದ ಒಳಪದರದ ಬಯಾಪ್ಸಿ. ಆಮೇಲೆ ಕಾರಣ ನೋಡ್ಕೊಂಡು ಚಿಕಿತ್ಸೆ: ಕಬ್ಬಿಣಾಂಶದ ಮಾತ್ರೆ, ರಕ್ತ ಕಡಿಮೆ ಮಾಡೋ ಟ್ರಾನೆಕ್ಸಾಮಿಕ್ ಆಸಿಡ್, ಹಾರ್ಮೋನ್ ಮಾತ್ರೆ, ಗರ್ಭಕೋಶದೊಳಗೆ ಇಡೋ ಹಾರ್ಮೋನ್ ಸಾಧನ. ಪಾಲಿಪ್ ಇದ್ರೆ ಪಾಲಿಪ್ ಮಾತ್ರ ತೆಗೀಬಹುದು. ಕ್ಯಾನ್ಸರ್ ಇದ್ರೆ, ಬೇರೆ ಯಾವುದಕ್ಕೂ ಬಗ್ಗದೇ ಇದ್ರೆ, ಗರ್ಭಕೋಶ ತೆಗೆಯೋದೇ ಸರಿ ಇರಬಹುದು. ಆದ್ರೆ ಅದು ಸಾಲಿನ ಕೊನೇದು.

"ಹೊಗೆಸೊಪ್ಪಿನ ಕೂಲಿ ಬಿಟ್ಟು ಪದೇ ಪದೇ ಆಸ್ಪತ್ರೆಗೆ ಅಲೆಯೋಕಾಗುತ್ತಾ? ಒಂದೇ ಸಲ ಮುಗಿದು ಹೋಗ್ಲಿ" ಅಂತಾರೆ. ಕಷ್ಟ ನಿಜ. ಆದ್ರೆ ಮುಗಿಯಲ್ಲ. ಆಪರೇಷನ್ ಆದ್ಮೇಲೆ ವಾರಗಟ್ಟಲೆ ಭಾರ ಎತ್ತೋ ಹಾಗಿಲ್ಲ, ಕೂಲಿ ಅಲ್ಲೂ ಹೋಗುತ್ತೆ. ಜೊತೆಗೆ ಅಂಡಾಶಯಾನೂ ತೆಗೆದ್ರೆ ಮುಟ್ಟು ನಿಲ್ಲೋ ವಯಸ್ಸಿಗೆ ಮೊದಲೇ ಮೈ ಸೆಖೆ, ಮೂಳೆ ಸವೆತ.

ಉತ್ಪ್ರೇಕ್ಷೆ ಅನ್ನಿಸ್ತಾ? 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳು ಗರ್ಭಕೋಶ ಕಳ್ಕೊಂಡು ಬಂದಿದ್ದು ಬಯಲಾಯ್ತು. ಎಷ್ಟೋ ಜನಕ್ಕೆ ಇನ್ನೂ 40 ಆಗಿರ್ಲಿಲ್ಲ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯೋ ಕೇಂದ್ರದ ಮಾರ್ಗಸೂಚಿಯನ್ನ 3 ತಿಂಗಳೊಳಗೆ ಅಳವಡಿಸ್ಕೊಳ್ಳಿ ಅಂತ ಎಲ್ಲ ರಾಜ್ಯಗಳಿಗೂ ಹೇಳ್ತು. ಸುಮ್ನೆ ಹೇಳುತ್ತಾ ಕೋರ್ಟು?

ಹುಡುಗರೂ ಓದಿ, ಇದು ನಿಮ್ಮಮ್ಮನ ವಿಷಯಾನೂ ಹೌದು. ಮುಂದಿನ ಸಲ ಅಮ್ಮ, ದೊಡ್ಡಮ್ಮ, ಅಕ್ಕ ಡಾಕ್ಟರ್ ಹತ್ರ ಹೊರಟಾಗ ಜೊತೆಗೆ ಹೋಗಿ. ಸಹಿ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳಿ:

1. ಕಾರಣ ಏನು, ಯಾವ ಪರೀಕ್ಷೆಯಿಂದ ಗೊತ್ತಾಯ್ತು?
2. ಆಪರೇಷನ್ ಬಿಟ್ಟು ಬೇರೆ ಏನಿದೆ?
3. ಅಂಡಾಶಯ ಉಳಿಸ್ತೀರಾ?

ಉತ್ತರ ಸಿಗ್ಲಿಲ್ವಾ? ಸಹಿ ಹಾಕ್ಬೇಡಿ. ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿ.

ಸೇವ್ ಮಾಡ್ಕೊಳ್ಳಿ. ಫ್ಯಾಮಿಲಿ ಗ್ರೂಪಿಗೂ ಹಾಕಿ, ಯಾರೇನು ಅಂದ್ಕೊಂಡ್ರೂ ಪರವಾಗಿಲ್ಲ.

#ಮುಟ್ಟು #ಗರ್ಭಕೋಶ #ಹಾಸನ #ಅರಕಲಗೂಡು