ಏಕತಾರಿಯೂ ಭೌತಶಾಸ್ತ್ರದ ಪಾಠವೂ

ರಾಯಚೂರು ಜಿಲ್ಲೆಯ ಬಳಗಾನೂರು, ಸಿಂಧನೂರು, ಮಸ್ಕಿಗಳ ಸೀಮೆಯಲ್ಲಿ ತತ್ವಪದಗಳ ಭಜನೆಯನ್ನು ಕೇಳದ ವಿದ್ಯಾರ್ಥಿಗಳು ವಿರಳ. ಪದವನ್ನು ಎತ್ತಿಕೊಳ್ಳುವ ಮೊದಲು ಹಾಡುಗಾರರು ಏಕತಾರಿಯ ಬಿರಡೆಯನ್ನು ತಿರುಗಿಸಿ, ತಂತಿಯನ್ನು ಮೀಟಿ, ಕಿವಿಗೊಟ್ಟು ಆಲಿಸಿ, ಮತ್ತೆ ತುಸು ತಿರುಗಿಸುತ್ತಾರೆ. ಮರುದಿನ ಅದೇ ವಿದ್ಯಾರ್ಥಿಗಳು ತರಗತಿಯಲ್ಲಿ ಕುಳಿತು, ತಂತಿಯ ಆವೃತ್ತಿಯು ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ವಾಕ್ಯವನ್ನು ಕಂಠಪಾಠ ಮಾಡುತ್ತಾರೆ. ಹಿಂದಿನ ರಾತ್ರಿ ತಾವು ಕಂಡುದೂ ಇದೇ ಎಂಬುದು ಅವರಿಗೆ ಹೊಳೆಯುವುದಿಲ್ಲ. ಇದು ಅವರ ದೋಷವಲ್ಲ. ನಾವು ಪಾಠ ಹೇಳುವ ಕ್ರಮದ ದೋಷ.

ಬಿಗಿದ ತಂತಿಯನ್ನು ಮೀಟಿದಾಗ ಅದರ ಮೇಲೆ ಅಲೆಗಳು ಹರಿದು, ಎರಡು ತುದಿಗಳಿಂದಲೂ ಹಿಂದಿರುಗುತ್ತವೆ. ಬಿಗಿತವು ಹೆಚ್ಚಿದರೆ ಅಲೆಯ ವೇಗವೂ, ಅದರೊಡನೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಯೂ ಹೆಚ್ಚುತ್ತವೆ. ಆದರೆ ಎಷ್ಟು? ಬಿಗಿತವು ಇಮ್ಮಡಿಯಾದರೆ ಆವೃತ್ತಿಯೂ ಇಮ್ಮಡಿಯಾಗುವುದೆಂದು ಹಲವರ ಊಹೆ. ಅದು ತಪ್ಪು. ಆಗ ಆವೃತ್ತಿಯು ಸುಮಾರು 1.41 ಪಟ್ಟು ಮಾತ್ರ ಆಗುತ್ತದೆ. ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಏರಬೇಕಾದರೆ ಬಿಗಿತವು ನಾಲ್ಕು ಪಟ್ಟಾಗಬೇಕು. ಫ್ರಾನ್ಸಿನ ಮೆರ್ಸೆನ್ ಈ ನಿಯಮವನ್ನು 1636ರಲ್ಲಿಯೇ ಪ್ರಕಟಿಸಿದನು.

ಬರಿಯ ತಂತಿಯ ದನಿ ಕ್ಷೀಣವಾದುದು. ತೆಳುವಾದ ಅದು ಗಾಳಿಯನ್ನು ಹೆಚ್ಚಾಗಿ ಅಲುಗಿಸಲಾರದು. ಆ ಕೆಲಸ ಬುರುಡೆಯದು, ಅದರ ಮುಚ್ಚಳಿಕೆಯದು, ಒಳಗಿನ ಗಾಳಿಯದು. ಇವುಗಳಿಗೂ ತಮ್ಮವೇ ಆದ ಸ್ವಾಭಾವಿಕ ಆವೃತ್ತಿಗಳುಂಟು. ತಂತಿಯ ಆವೃತ್ತಿಯು ಅವುಗಳಲ್ಲೊಂದಕ್ಕೆ ಹೊಂದಿದಾಗ ದನಿಯು ತುಂಬಿ ಮೊಳಗುತ್ತದೆ, ಇದೇ ಅನುನಾದ. ಬಿರಡೆಯನ್ನು ತಿರುಗಿಸುವವರು ತಂತಿಯನ್ನು ಅನುನಾದದ ಸಮೀಪಕ್ಕೆ ಒಯ್ಯುತ್ತಾರೆಯೇ ಹೊರತು, ಬುರುಡೆಯ ಸ್ವಭಾವವನ್ನು ಅಷ್ಟಾಗಿ ಬದಲಿಸುವುದಿಲ್ಲ. ಎಲ್ಲಮ್ಮನ ಜೋಗತಿಯರು ನುಡಿಸುವ ಚೌಡಿಕೆಯ ಬಗೆ ಬೇರೆ. ಅಲ್ಲಿ ತಂತಿಯು ಚರ್ಮಕ್ಕೇ ಸೇರಿರುವುದರಿಂದ, ತಂತಿಯನ್ನು ಬಿಗಿದರೆ ಚರ್ಮವೂ ಬಿಗಿಯುತ್ತದೆ.

ಇಂತಹ ವಾದ್ಯಗಳು ವಿಜ್ಞಾನಕ್ಕೆ ತಕ್ಕ ವಿಷಯವೇ ಎಂದು ಮೂಗು ಮುರಿಯುವವರು ಸಿ. ವಿ. ರಾಮನ್ ಅವರನ್ನು ನೆನೆಯಬೇಕು. ತಂಬೂರಿ, ವೀಣೆಗಳ ಬಾಗಿದ ಕುದುರೆಯಿಂದ ಆ ವಾದ್ಯಗಳ ನಾದವು ಸಮೃದ್ಧವಾಗುವ ಬಗೆಯನ್ನು ಅವರು 1921ರಷ್ಟು ಹಿಂದೆಯೇ ಪರೀಕ್ಷಿಸಿದ್ದರು.

ಪ್ರಯೋಗಶಾಲೆಯಿಲ್ಲದ ಶಾಲೆ ಏನು ಮಾಡಬೇಕೆಂದು ಕೇಳಬಹುದು. ಒಂದು ಹಲಗೆ, ಒಂದು ಮೊಳೆ, ಎರಡು ಮರದ ತುಂಡು, ಒಂದು ಸಣ್ಣ ರಾಟೆ, ಒಂದು ತಂಬೂರಿ ತಂತಿ, ಒಂದು ಬಕೀಟು ಸಾಕು. ತಂತಿಯ ಒಂದು ತುದಿಯನ್ನು ಮೊಳೆಗೆ ಕಟ್ಟಿ, ಮರದ ತುಂಡುಗಳ ಮೇಲೆ ಎಳೆದು, ಇನ್ನೊಂದು ತುದಿಯನ್ನು ರಾಟೆಯ ಮೇಲಿಂದ ಇಳಿಬಿಟ್ಟು ಬಕೀಟನ್ನು ತೂಗುಹಾಕಿರಿ. ಬಕೀಟು, ನೀರು ಸೇರಿ 1 ಕಿಲೋಗ್ರಾಂ ಇರುವಾಗಿನ ಸ್ವರವನ್ನು ಆಲಿಸಿರಿ; ಒಟ್ಟು 4 ಕಿಲೋಗ್ರಾಂ ಆಗುವಂತೆ ನೀರು ಸುರಿದು ಮತ್ತೆ ಆಲಿಸಿರಿ. ಬಕೀಟಿನ ತೂಕವನ್ನು ಮರೆತವರಿಗೆ ಮೇಲಿನ ಷಡ್ಜ ದೊರೆಯದು. ಆ ತಪ್ಪಿನಿಂದಲೂ ಕಲಿಯುವುದುಂಟು.

ಸ್ವರವು ಕೂಡಿತೇ ಇಲ್ಲವೇ ಎಂಬುದನ್ನು ಹೇಳಲು ಊರಿನ ಭಜನೆಯ ಹಿರಿಯರೊಬ್ಬರನ್ನು ತರಗತಿಗೆ ಕರೆಯಿರಿ ಎಂಬುದೇ ನಮ್ಮ ಸಲಹೆ. ಅವರ ಕಿವಿಗೆ ತಿಳಿದಿರುವುದು ವಿದ್ಯಾರ್ಥಿಗಳ ಲೆಕ್ಕಕ್ಕೆ ತಿಳಿಯದು. ಇವರ ಲೆಕ್ಕವು ತೋರಿಸುವ ಕಾರಣವು ಅವರ ಕಿವಿಗೆ ನಿಲುಕದು. ಎರಡೂ ಒಂದೇ ಬೆಂಚಿನ ಮೇಲೆ ಕುಳಿತಾಗ ಸೂತ್ರವು ಪರೀಕ್ಷೆಯ ಮರುದಿನವೂ ನೆನಪಿನಲ್ಲಿ ಉಳಿದೀತು.