ಹವ್ಯಾಸಕ್ಕೊಂದು ಸಂಕಲ್ಪ

ಪುಣೆಯಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರ ಮೊಬೈಲುಗಳಲ್ಲಿ ಶನಿವಾರವಾಡೆಯ ಹೆಬ್ಬಾಗಿಲು, ಸಿಂಹಗಡದ ಮಳೆಮೋಡ, ಗಣೇಶೋತ್ಸವದ ಢೋಲು-ತಾಶೆ ಸಾವಿರಗಟ್ಟಲೆ ಚಿತ್ರಗಳಾಗಿ ತುಂಬಿವೆ. ಆದರೆ ಐದು ವರ್ಷ ಹಿಂದಿನ ಚಿತ್ರವನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಬಹಳಷ್ಟು ಸಲ ಬದಲಾಗಿರುವುದು ಕ್ಯಾಮೆರಾ ಮಾತ್ರ. ಹೊಸ ಲೆನ್ಸಿಗಿಂತ ಮೊದಲು ಹವ್ಯಾಸಿಗೆ ಬೇಕಾದದ್ದು ತನಗೆ ತಾನೇ ವಿಧಿಸಿಕೊಂಡ ಒಂದು ಸಣ್ಣ ಯೋಜನೆ ಎಂಬುದು ನಮ್ಮ ಅಭಿಮತ.

ಇದಕ್ಕೆ ನಿದರ್ಶನಗಳು ನಮ್ಮಲ್ಲೇ ಇವೆ. ಮೂಡಿಗೆರೆಯಲ್ಲಿ ಕೃಷಿಕರಾಗಿ, ಲೇಖಕರಾಗಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಸುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು. ವನ್ಯಜೀವಿ ಛಾಯಾಗ್ರಹಣದಲ್ಲೂ ಹೆಸರಾದರು. ಪುರುಸೊತ್ತಿಲ್ಲವೆಂಬ ನಮ್ಮ ನೆಪಕ್ಕೆ ಅವರ ಬದುಕೇ ಉತ್ತರ. ದೂರದ ಪ್ರಾಗ್ ನಗರದಲ್ಲಿ, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಯೋಸೆಫ್ ಸುದೆಕ್, 1940ರಿಂದ 1954ರವರೆಗೆ ತನ್ನ ಸ್ಟುಡಿಯೋದ ಕಿಟಕಿಯನ್ನೇ ಮತ್ತೆ ಮತ್ತೆ ಚಿತ್ರಿಸಿದ. ಫ್ಲ್ಯಾಟುಗಳಲ್ಲಿ ವಾಸಿಸುವ ನಮಗೆ ಕಿಟಕಿಗಳಿಗೇನು ಬರವೇ?

ಕಚೇರಿಯಲ್ಲಿ ಗುರಿಗಳಿಂದ ಬಳಲಿದವರು ಹವ್ಯಾಸಕ್ಕೂ ಗುರಿಯೇ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅಲ್ಲಿನ ಗುರಿ ಅನ್ಯರು ಹೇರಿದ್ದು. ಇಲ್ಲಿಯದು ವ್ರತದಂತೆ ನಾವೇ ಕೈಗೊಂಡದ್ದು. ಗದುಗಿನಿಂದ ಬಂದು ಪುಣೆಯನ್ನೇ ಮನೆಯಾಗಿಸಿಕೊಂಡ ಭೀಮಸೇನ ಜೋಶಿಯವರ ಗಾಯನದ ಹಿಂದೆ ಎಷ್ಟು ರಿಯಾಜಿತ್ತೆಂಬುದನ್ನು ನಾವು ಬಲ್ಲೆವು. ರಿಯಾಜು ಸಂತೋಷಕ್ಕೆ ಶತ್ರುವಲ್ಲ.

ಯೋಜನೆ ಕಿರಿದಾಗಿರಲಿ, ಅವಧಿ ಖಚಿತವಾಗಿರಲಿ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ, ಒಂದೇ ಸ್ಥಳ, ಒಂದೇ 50 ಮಿ.ಮೀ. ಲೆನ್ಸು. ಉದಾಹರಣೆಗೆ ಮುಠಾ ನದಿಯ ಬಾಬಾ ಭಿಡೆ ಸೇತುವೆ: ಬೇಸಿಗೆಯಲ್ಲಿ ಕೆಳಗೆ ಸೊರಗಿದ ಹರಿವು, ಮಳೆಗಾಲದಲ್ಲಿ ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸೇತುವೆಯೇ ಮುಳುಗುತ್ತದೆ. ಒಂದು ತಿಂಗಳು ಬೆಳಗಿನ ಓರೆಬೆಳಕನ್ನಷ್ಟೇ ಅಭ್ಯಸಿಸೋಣ. ಇನ್ನೊಂದು ತಿಂಗಳು ನಿಧಾನದ ಶಟರಿನಲ್ಲಿ ಹರಿವ ನೀರನ್ನು. ತಿಂಗಳಿಗೊಂದೇ ಚಿತ್ರವನ್ನು ಆರಿಸಿ ಪ್ರಿಂಟು ಹಾಕಿಸೋಣ. ಮೂವತ್ತರಲ್ಲಿ ಇಪ್ಪತ್ತೊಂಬತ್ತನ್ನು ಬದಿಗಿಡುವಾಗ, ಏಕೆ ಬದಿಗಿಟ್ಟೆವೆಂದು ನಮಗೆ ನಾವೇ ಹೇಳಿಕೊಳ್ಳಬೇಕಾಗುತ್ತದೆ. ಕಲಿಕೆ ನಡೆಯುವುದು ಆಗಲೇ.

ಹೊರನಾಡಿನ ನಮಗೆ ಇನ್ನೂ ಒಂದು ಕರ್ತವ್ಯವಿದೆಯೆಂದು ತೋರುತ್ತದೆ. ಕಲಬುರಗಿ, ವಿಜಯಪುರಗಳಿಂದ ಬಂದು ಇಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು, ಉಡುಪಿ ಹೋಟೆಲುಗಳ ಒಲೆಯ ಮುಂದೆ ಆಯುಷ್ಯ ಸವೆಸಿದವರು, ಮಕ್ಕಳ ಜೊತೆ ಬಂದು ಮರಾಠಿ ಕಲಿತ ಅಜ್ಜಿಯರು: ಇವರನ್ನು ನಾವು ಎಷ್ಟು ಚಿತ್ರಿಸಿದ್ದೇವೆ? ಕೋಟೆ-ಕೊತ್ತಲಗಳ ಚಿತ್ರವನ್ನು ಯಾರೂ ತೆಗೆದಾರು. ಇವರ ಭಾಷೆಯಲ್ಲೇ ಮಾತನಾಡಿಸಿ, ಅನುಮತಿ ಪಡೆದು, ಎರಡನೆಯ ಸಲವೂ ಹೋಗಿ ಒಂದು ಪ್ರತಿಯನ್ನು ಅವರ ಕೈಗಿತ್ತು ಬರುವ ಅವಕಾಶ ನಮಗಿದೆ. ಅವರೊಪ್ಪಿದರೆ ಚಿತ್ರದ ಹಿಂದೆ ಹೆಸರು, ಊರು, ತಾರೀಖುಗಳನ್ನು ಕನ್ನಡದಲ್ಲಿ ಬರೆದಿಡೋಣ. ಇಲ್ಲವಾದರೆ ಇಪ್ಪತ್ತು ವರ್ಷಗಳ ಬಳಿಕ ನಮ್ಮ ಮಕ್ಕಳ ಪಾಲಿಗೆ ಅವು ಅಪರಿಚಿತ ಮುಖಗಳಾಗಿಯೇ ಉಳಿದಾವು.

ನಮ್ಮ ಯುಗಾದಿ ಮತ್ತು ಇಲ್ಲಿನವರ ಗುಡಿ ಪಾಡವಾ ಒಂದೇ ದಿನ. ಸಂಕಲ್ಪ ಮಾಡಲು ಅದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿಲ್ಲ. ಮರುವರ್ಷ ಅದೇ ದಿನ ಹನ್ನೆರಡು ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಒಟ್ಟಿಗೆ ಕುಳಿತು ನೋಡೋಣ.