ಹೀರೋ ಬಾನೆಟ್ ಮೇಲೆ, ಪ್ರಾಣ ಕೇಬಲ್ ಮೇಲೆ!

ಘಾಟಿ ರಸ್ತೆಯ ಇಳಿಜಾರು. ನಿಂತ ಅಂಬಾಸಿಡರ್ ಕಾರಿನ ಬಾನೆಟ್ ಮೇಲೆ ಕಾಲಿಟ್ಟು ಹೀರೋ ಡೈಲಾಗ್ ಹೊಡೀತಾನೆ. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ! ಆದರೆ ಟನ್ನಿಗೂ ಮೀರಿದ ಆ ಕಬ್ಬಿಣವನ್ನು ಅಲ್ಲಿ ಹಿಡಿದು ನಿಲ್ಲಿಸಿರೋದು ಯಾರು? ಕಾರಿನಡಿ ಕೆಸರು ಮೆತ್ತಿಕೊಂಡು ಬಿದ್ದಿರುವ ಒಂದು ಉಕ್ಕಿನ ಹಗ್ಗ. ಹ್ಯಾಂಡ್‌ಬ್ರೇಕ್ ಕೇಬಲ್ಲು! ಟೈಟಲ್ ಕಾರ್ಡಿನಲ್ಲಿ ಅದರ ಹೆಸರು ಬರೋದಿಲ್ಲ ಬಿಡಿ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅನುಸರಿಸಿ ಹುಟ್ಟಿದ ಅಂಬಾಸಿಡರ್‌ನ ತಯಾರಿಕೆ ಬಂಗಾಳದ ಉತ್ತರಪಾರದಲ್ಲಿ ನಿಂತದ್ದು 2014ರಲ್ಲಿ. ಈಗ ಹಳೇ ಕಾಲದ ಕಥೆ ತೆಗೆಯೋ ನಿರ್ಮಾಪಕರಿಗೆ ಬಾಡಿಗೆ ಕಾರೇ ಗತಿ. ಪೇಂಟು ಮಿರಮಿರ, ಬಂಪರು ಪಳಪಳ. ಹ್ಯಾಂಡ್‌ಬ್ರೇಕ್ ಎಳೆದರೆ ಮಾತ್ರ ಚಕ್ರಕ್ಕೆ ಸುದ್ದಿಯೇ ಮುಟ್ಟೋಲ್ಲ. 'ಲೇ, ಕಲ್ಲು ತಗೊಂಡು ಬಾರೋ!'

ಇದು ನಗೋ ಮಾತಲ್ಲ. ಹಳೇ ಮಾಡೆಲ್ಲುಗಳಲ್ಲಿ ಕಾಲಿನ ಬ್ರೇಕು ನಾಲ್ಕೂ ಚಕ್ರಕ್ಕೆ ಎಣ್ಣೆ ಒತ್ತಡದಿಂದ ಹೋಗುತ್ತೆ. ಒಂದು ಪೈಪು ಒಡೆದರೂ ಪೆಡಲ್ಲು ನೆಲಕ್ಕೆ! ಆಗ ಉಳಿಯೋದು ಹಿಂದಿನ ಎರಡು ಡ್ರಮ್ಮುಗಳನ್ನು ಎಳೆಯೋ ಈ ಕೇಬಲ್ಲು ಒಂದೇ.

ಹಾಳಾಗೋದು ಹೇಗೆ? ಹೊರಗಿನ ಕವಚದೊಳಗೆ ನೀರು ಇಳಿಯುತ್ತೆ, ಗ್ರೀಸು ಒಣಗುತ್ತೆ, ತಂತಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ಎಳೆದರೆ ಹಿಡಿಯೋಲ್ಲ, ಹಿಡಿದರೆ ಬಿಡೋಲ್ಲ. ಬಿಡದಿದ್ದರೆ ಓಡ್ತಾ ಓಡ್ತಾ ಡ್ರಮ್ಮು ಕಾದು ಕೆಂಡ!

ರಿಪೇರಿಗೆ ಕೈ ಹಾಕೋ ಮೊದಲು ಕಾರು ಸಮನೆಲದಲ್ಲಿರಲಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಡ್ರಮ್ಮಿನ ಧೂಳು ಊದಬೇಡಿ. ಹಳೇ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೇಬಲ್ ಬಿಚ್ಚಿ, ಒಂದು ತುದಿ ಮೇಲೆ ಕಟ್ಟಿ ತೂಗುಹಾಕಿ. ಸೀಮೆಎಣ್ಣೆಯನ್ನು ಕವಚದೊಳಗೆ ಹನಿಹನಿಯಾಗಿ ಬಿಡುತ್ತಾ ತಂತಿಯನ್ನು ಹಿಂದೆ ಮುಂದೆ ಆಡಿಸಿ. ತುಕ್ಕುನೀರು ಇಳಿದು ಹೋದ ಮೇಲೆ ಒಣಗಿಸಿ, ದಪ್ಪ ಎಣ್ಣೆ ಉಣಿಸಿ. ಲಿವರಿನ ಕೀಲು, ಪಿನ್ನುಗಳಿಗೂ ಗ್ರೀಸು ಬೇಕು. ತಂತಿಯ ಒಂದು ಎಳೆ ಕಿತ್ತಿದ್ದರೂ ದಯೆ ಬೇಡ, ಕೇಬಲ್ ಬದಲಾಯಿಸಿ. ಗಂಟು ಹಾಕೋದು, ಬೆಸುಗೆ ಹಾಕೋದು ಬೇಡವೇ ಬೇಡ. ಬೆಂಕಿ ತಗುಲಿದ ಉಕ್ಕು ಮೆತ್ತಗಾಗುತ್ತೆ. ಸಿದ್ಧ ಕೇಬಲ್ ಸಿಗದಿದ್ದರೆ ಹಳೇದನ್ನೇ ಅಳತೆಗೆ ಕೊಟ್ಟು, ತುದಿ ಪ್ರೆಸ್ ಮಾಡೋ ಕಡೆ ಹೊಸದು ಮಾಡಿಸಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮೊದಲು ವಿಚಾರಿಸಿ.

ಇನ್ನೊಂದು ಮಾತು. ಬ್ರೇಕ್ ಹಿಡೀತಿಲ್ಲ ಅಂತ ಕೇಬಲ್ಲಿನ ನಟ್ಟನ್ನೇ ಬಿಗಿ ಮಾಡ್ತಾ ಹೋಗೋದು ಕಳ್ಳಕೆಲಸ. ಮೊದಲು ಚಕ್ರದ ಹತ್ತಿರ ಶೂ ಸರಿಮಾಡಿ, ಸವೆದಿದ್ದರೆ ಲೈನಿಂಗ್ ಹಾಕಿಸಿ, ಆಮೇಲೆ ಕೇಬಲ್. ಲಿವರ್ ನಾಲ್ಕೈದು 'ಕಟಕಟ' ಅನ್ನೋಷ್ಟರಲ್ಲಿ ಎರಡೂ ಹಿಂದಿನ ಚಕ್ರ ಸಮನಾಗಿ ಹಿಡೀಬೇಕು; ಬಿಟ್ಟರೆ ಎರಡೂ ಸಲೀಸಾಗಿ ತಿರುಗಬೇಕು.

ಬಾಡಿಗೆಗೆ ಕಾರು ಕೊಡೋ ಅಣ್ಣಂದಿರೇ, ಶೂಟಿಂಗಿಗೆ ಕಳಿಸೋ ಮುಂಚೆ ಇದನ್ನೊಮ್ಮೆ ನೋಡಿಬಿಡಿ. ಬಾನೆಟ್ ಮುಂದೆ ರಿಫ್ಲೆಕ್ಟರ್ ಹಿಡಿದು ನಿಲ್ಲೋ ಹುಡುಗನಿಗೆ ಡೂಪ್ ಇರೋಲ್ಲ. ಬರ್ಲಾ?